ಹಿತ್ತಿಲ ಗಲ್ಲಿ ಟ್ರ್ಯಾಪ್‌ನಿಂದ ನೀರು ಉಕ್ಕುತ್ತಿದೆ, ಲೈನು ನಾವೇ ಬಿಡಿಸಿಕೊಳ್ಳುವುದು ಹೇಗೆ?

ಹಿತ್ತಿಲಮನೆ:

ಮನೆ ಮೈಸೂರಿನಲ್ಲಿ, 30×40 ಸೈಟು, ಕೆಳಗೊಂದು ಮೇಲೊಂದು ಸಂಸಾರ. ಅಡುಗೆಮನೆ ಸಿಂಕು, ಬಚ್ಚಲು, ಒಗೆಯುವ ಕಲ್ಲು ಇಷ್ಟರ ನೀರೂ ಹಿತ್ತಿಲ ಗಲ್ಲಿ ಟ್ರ್ಯಾಪಿಗೆ (ಜಾಲರಿ ಮುಚ್ಚಿದ, ತಳದಲ್ಲಿ ನೀರು ನಿಲ್ಲುವ ಗುಂಡಿ) ಬಂದು ಅಲ್ಲಿಂದ ಚೇಂಬರಿಗೆ (ಪೈಪುಗಳು ಸೇರುವ, ಮುಚ್ಚಳವಿರುವ ತೊಟ್ಟಿ) ಹೋಗುತ್ತದೆ. ಪಕ್ಕದ ಮೂರಡಿ ಓಣಿಯಲ್ಲಿ ಮೂರು ಚೇಂಬರ್: ಹಿಂದೆ ಶೌಚಾಲಯದ ಬಳಿ ಒಂದು, ನಡುವೆ ಒಂದು, ಗೇಟಿನ ಒಳಗೆ ಒಂದು. ಆಮೇಲೆ ರಸ್ತೆಯ ಯುಜಿಡಿ, ಅಂದರೆ ಊರಿನ ಒಳಚರಂಡಿ. ಹಿಂದಿನ ಭಾಗ 4 ಇಂಚಿನ ಪಿವಿಸಿ. ನಡುವಿನ ಚೇಂಬರಿನಿಂದ ಗೇಟಿನವರೆಗೆ ಸುಮಾರು 22 ಅಡಿ ಹಳೇ ಎಸ್‌ಡಬ್ಲ್ಯೂ (ಸ್ಟೋನ್‌ವೇರ್, ಸುಟ್ಟ ಜೇಡಿಮಣ್ಣಿನ) ಪೈಪು. ಗೇಟಿನ ಪಕ್ಕದಲ್ಲಿ ತೆಂಗಿನ ಮರವಿದೆ.

ಈಗ ಒಗೆಯುವ ಕಲ್ಲಿನ ಹತ್ತಿರ ನೀರು ನಿಲ್ಲುತ್ತಿದೆ. ಮೇಲಿನ ಮನೆಯವರು ಫ್ಲಶ್ ಮಾಡಿದರೆ ಗಲ್ಲಿ ಟ್ರ್ಯಾಪಿನಲ್ಲಿ ಗುಳುಗುಳು ಸದ್ದು ಬರುತ್ತದೆ. ಚೇಂಬರ್ ಮುಚ್ಚಳಗಳಿಗೆ ಗಾರೆ ಮೆತ್ತಿದ್ದಾರೆ, ಇನ್ನೂ ತೆಗೆದಿಲ್ಲ. ಒಂದು ಅಂಗಡಿಯಲ್ಲಿ ಎರಡು ಕೆಜಿ ಕಾಸ್ಟಿಕ್ ಸೋಡಾ ಸುರಿಯಿರಿ ಅಂದರು. ಸುರಿಯಬಹುದೇ? ಸಾಮಾನು ಏನೇನು ಬೇಕು, ಎಲ್ಲಿಂದ ಶುರು ಮಾಡಬೇಕು?

ಕೊಳಾಯಿಕೆಲಸ:

ಸೋಡಾ ಈಗ ಬೇಡ. ಮೊದಲು ಎಲ್ಲಿ ಕಟ್ಟಿದೆ ಅಂತ ಗೊತ್ತಾಗಲಿ. ಜಾಗ ಗೊತ್ತಾದ ಮೇಲೆ ಬಿಡಿಸುವ ಕೆಲಸ ಚಿಕ್ಕದು. ಗೊತ್ತಿಲ್ಲದೆ ಚುಚ್ಚಿದರೆ ದಿನವೆಲ್ಲ ಹೋಗುತ್ತದೆ.

ನೀವು ಹೇಳಿದ ಗುಳುಗುಳು ಸದ್ದೇ ಅರ್ಧ ಉತ್ತರ. ಗಲ್ಲಿ ಟ್ರ್ಯಾಪಿನಲ್ಲಿ ಮಾತ್ರ ಕಸ ಕಟ್ಟಿದ್ದರೆ ಮೇಲಿನ ಫ್ಲಶ್‌ಗೂ ಅದಕ್ಕೂ ಸಂಬಂಧ ಇರುತ್ತಿರಲಿಲ್ಲ. ಶೌಚಾಲಯದ ನೀರು ಬಂದಾಗ ಪೈಪಿನ ಗಾಳಿ ಮುಂದೆ ಹೋಗಲಾಗದೆ ಟ್ರ್ಯಾಪಿನ ನೀರನ್ನು ಸೀಳಿಕೊಂಡು ಹೊರಗೆ ಬರುತ್ತಿದೆ. ಅಂದರೆ ಕಟ್ಟಿರುವುದು ಎರಡೂ ಲೈನು ಸೇರಿದ ಮೇಲೆ, ಹಿಂದಿನ ಚೇಂಬರಿನಿಂದ ಮುಂದಕ್ಕೆ ಎಲ್ಲೋ. ಆದರೂ ಟ್ರ್ಯಾಪಿನ ಜಾಲರಿ ಎತ್ತಿ, ಗ್ಲೌಸ್ ಹಾಕಿಕೊಂಡು ತಳದ ಹೂಳನ್ನು ಹಳೇ ಸೌಟಿನಲ್ಲಿ ತೆಗೆದುಬಿಡಿ. ಅಲ್ಲಿ ಎರಡು ಇಂಚು ನೀರು ಯಾವಾಗಲೂ ನಿಂತೇ ಇರಬೇಕು. ಯುಜಿಡಿಯ ವಾಸನೆ, ಜಿರಲೆ ಮನೆಗೆ ಬಾರದಂತೆ ತಡೆಯುವುದು ಆ ನೀರೇ. ಅದನ್ನು ಬ್ಲಾಕ್ ಅಂದುಕೊಳ್ಳಬೇಡಿ.

ಆಮೇಲೆ ಗೇಟಿನ ಚೇಂಬರನ್ನೇ ಮೊದಲು ತೆಗೆಯಿರಿ. ಎಲ್ಲರೂ ನೀರು ಉಕ್ಕುವ ಕಡೆಯಿಂದ ಶುರು ಮಾಡುತ್ತಾರೆ, ಅದು ಸುತ್ತು ದಾರಿ. ಗೇಟಿನ ಚೇಂಬರ್ ತುಂಬಿದ್ದರೆ ತೊಂದರೆ ಅದರಿಂದಾಚೆ, ರಸ್ತೆ ಕಡೆಗಿನ ಪೈಪಿನಲ್ಲಿ ಅಥವಾ ಯುಜಿಡಿಯಲ್ಲಿ. ಆಗ ಕಾಂಪೌಂಡಿನೊಳಗೆ ನೀವು ಮಾಡುವ ಕೆಲಸವೇನೂ ಇಲ್ಲ, ಪಾಲಿಕೆಗೆ ದೂರು ಕೊಡಿ. ಒಣಗಿದ್ದರೆ ನಡುವಿನದನ್ನು ತೆಗೆಯಿರಿ. ತುಂಬಿದ ಕೊನೆಯ ಚೇಂಬರಿಗೂ ಒಣಗಿದ ಮೊದಲ ಚೇಂಬರಿಗೂ ನಡುವೆಯೇ ಕಟ್ಟಿರುತ್ತದೆ.

ಮುಚ್ಚಳ ಎರಡಡಿ ಚೌಕ, ಎರಡು ಇಂಚು ದಪ್ಪದ ಕಾಂಕ್ರೀಟಿನದ್ದಾದರೆ ತೂಕ 45 ಕೆಜಿ ಹತ್ತಿರ ಬರುತ್ತದೆ. ಸುತ್ತಲ ಗಾರೆಯನ್ನು ಉಳಿ ಸುತ್ತಿಗೆಯಲ್ಲಿ ಬಿಡಿಸಿ, ಹಾರೆಯಿಂದ ಒಂದು ಬದಿ ಅರ್ಧ ಇಂಚು ಎತ್ತಿ, ಕೆಳಗೆ ಮರದ ತುಂಡು ಕೊಟ್ಟು ಪಕ್ಕಕ್ಕೆ ಜಾರಿಸಿ. ಇಬ್ಬರು ಇರಲಿ. ಬೆರಳನ್ನು ಮುಚ್ಚಳದ ಅಡಿಗೆ ಹಾಕಲೇಬೇಡಿ. ತೆಗೆದ ಮೇಲೆ 20 ನಿಮಿಷ ಹಾಗೇ ಬಿಡಿ, ಬಗ್ಗಿ ನೋಡಬೇಡಿ, ಹತ್ತಿರ ಬೆಂಕಿಕಡ್ಡಿ, ಬೀಡಿ ಬೇಡ. ಕೆಲಸ ಮುಗಿಯುವತನಕ ಎರಡೂ ಮನೆಯವರು ಫ್ಲಶ್, ವಾಷಿಂಗ್ ಮೆಷೀನ್ ನಿಲ್ಲಿಸಬೇಕು.

ಸಾಮಾನು: ತುದಿಗೆ ತಿರುಪು ಇರುವ ಡ್ರೈನ್ ರಾಡ್ ಸೆಟ್, ಸಿಗದಿದ್ದರೆ 12ರಿಂದ 16 ಮಿಮೀ ದಪ್ಪದ, 30 ಅಡಿಯ ಸ್ಪ್ರಿಂಗ್. ಸಿಂಕಿಗೆ ಬಳಸುವ ತೆಳು ಸ್ಪ್ರಿಂಗ್ 4 ಇಂಚಿನ ಪೈಪಿನಲ್ಲಿ ಮುಂದೆ ಹೋಗುವ ಬದಲು ಒಳಗೇ ಸುತ್ತಿಕೊಳ್ಳುತ್ತದೆ. ಬಿದಿರು ದಬ್ಬೆಯೂ ಆಗುತ್ತದೆ, ಆದರೆ ಹಸಿ ಬಿದಿರು, ಗಿಣ್ಣು ನುಣ್ಣಗೆ ಹೆರೆದದ್ದೇ ಆಗಬೇಕು. ಒಣಗಿದ್ದು ಒಳಗೆ ಮುರಿದರೆ ಎರಡು ಬ್ಲಾಕ್. ಮೊಣಕೈವರೆಗಿನ ರಬ್ಬರ್ ಗ್ಲೌಸ್, ಗಂಬೂಟು, ಕನ್ನಡಕ. ಒಂದು ಮಂಕರಿ, ಎರಡು ಬಕೆಟ್, ಗೋಣಿಚೀಲ.

ರಾಡನ್ನು ಯಾವಾಗಲೂ ಬಲಕ್ಕೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ. ಎಳೆಯುವಾಗಲೂ ಅದೇ ದಿಕ್ಕು. ಎಡಕ್ಕೆ ತಿರುಗಿಸಿದರೆ ಪೈಪಿನೊಳಗೆ ಕೊಂಡಿ ಬಿಚ್ಚಿಕೊಂಡು ಅರ್ಧ ರಾಡ್ ಅಲ್ಲೇ ಉಳಿಯುತ್ತದೆ, ಆಮೇಲೆ ನೆಲ ಅಗೆಯುವುದೊಂದೇ ದಾರಿ. ತಡೆದ ಕಡೆ ರಾಡಿಗೆ ಬಟ್ಟೆ ಕಟ್ಟಿ ಗುರುತು ಮಾಡಿ, ಹೊರಗೆಳೆದು ಟೇಪಿನಲ್ಲಿ ಅಳೆಯಿರಿ. ನೆಲದ ಮೇಲೆ ಅದೇ ಅಳತೆ ಹಿಡಿದರೆ ಬ್ಲಾಕ್ ಯಾವ ಜಾಗದ ಅಡಿಯಲ್ಲಿದೆ ಅಂತ ತಿಳಿಯುತ್ತದೆ. ಕೈಗೆ ಬರುವ ಅನುಭವವೂ ಹೇಳುತ್ತದೆ: ಮೆಲ್ಲನೆ ಒಳಗಿಳಿದರೆ ಜಿಡ್ಡು ಅಥವಾ ಹೂಳು, ತಳ್ಳಿದಷ್ಟೂ ಹಿಂದಕ್ಕೆ ಒದೆಯುತ್ತಿದ್ದರೆ ಬೇರು ಅಥವಾ ಬಟ್ಟೆ, ಟಕ್ ಅಂತ ಗಟ್ಟಿಯಾಗಿ ಬಡಿದರೆ ಸಿಮೆಂಟು ಅಥವಾ ಮುರಿದ ಪೈಪಿನ ಚೂರು.

ನಡುವಿನ ಚೇಂಬರಿನಿಂದ ಗೇಟಿನ ಕಡೆಗೆ, ಅಂದರೆ ಹರಿವಿನ ದಿಕ್ಕಿಗೆ ಚುಚ್ಚಿ. ನಿಂತ ನೀರಿನ ಭಾರವೂ ಸಹಾಯಕ್ಕೆ ಬರುತ್ತದೆ. ಗೇಟಿನ ಚೇಂಬರಿನಲ್ಲಿ ಹೊರಹೋಗುವ ಬಾಯಿಗೆ ಮಂಕರಿ ಅಡ್ಡ ಇಡಿ, ಇಲ್ಲದಿದ್ದರೆ ಬಿಟ್ಟ ಕಸ ರಸ್ತೆಯ ಪೈಪಿನಲ್ಲಿ ಮತ್ತೆ ಕಟ್ಟುತ್ತದೆ.

ರಸಾಯನ_ದಾವಣಗೆರೆ:

ಸೋಡಾ ಯಾಕೆ ಬೇಡ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ರತಿ ಅಂಗಡಿಯಲ್ಲೂ ಇದೇ ಸಲಹೆ ಸಿಗುತ್ತದೆ.

ಕಾಸ್ಟಿಕ್ ಸೋಡಾ ಕೆಲಸ ಮಾಡಬೇಕಾದರೆ ಗಾಢವಾಗಿ ಜಿಡ್ಡಿಗೆ ತಾಗಬೇಕು. ನಿಮ್ಮ ಲೈನಿನಲ್ಲಿ ಈಗ ಎಷ್ಟು ನೀರು ನಿಂತಿದೆ ನೋಡಿ: 4 ಇಂಚಿನ ಪೈಪು ಪೂರ್ತಿ ತುಂಬಿದರೆ ಮೀಟರಿಗೆ ಸುಮಾರು 8 ಲೀಟರ್. ಎರಡಡಿ ಚೌಕದ ಚೇಂಬರಿನಲ್ಲಿ ಒಂದೂವರೆ ಅಡಿ ನಿಂತರೆ 170 ಲೀಟರಿನಷ್ಟು. ಇಷ್ಟು ನೀರಿನಲ್ಲಿ ಎರಡು ಕೆಜಿ ಕರಗಿ ಬ್ಲಾಕ್ ತಲುಪುವ ಹೊತ್ತಿಗೆ ತೀರಾ ತೆಳ್ಳಗಾಗಿರುತ್ತದೆ. ಹರಿವಿಲ್ಲದ ಕಡೆ ಕಾಳುಗಳು ಕರಗದೆ ತಳಕ್ಕಿಳಿದು ಒಂದಕ್ಕೊಂದು ಅಂಟಿ ಕಲ್ಲಾಗುವುದೂ ಉಂಟು. ಕೊಳವೆಬಾವಿಯ ಗಡಸು ನೀರಾದರೆ ಇನ್ನೂ ಕೆಟ್ಟದು: ಸೋಡಾ ಜಿಡ್ಡನ್ನು ಸಾಬೂನು ಮಾಡುತ್ತದೆ, ಆ ಸಾಬೂನು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಗಷ್ಟಾಗಿ ಪೈಪಿಗೆ ಮೆತ್ತಿಕೊಳ್ಳುತ್ತದೆ. ಬೇರಿಗೆ, ಬಟ್ಟೆಗೆ, ಪ್ಯಾಡಿಗೆ, ಮರಳಿಗೆ ಸೋಡಾ ಏನೂ ಮಾಡುವುದಿಲ್ಲ. ಆಮೇಲೆ ರಾಡ್ ಹಾಕುವವರ ಕಣ್ಣಿಗೆ ಆ ಕ್ಷಾರದ ನೀರು ಸಿಡಿದರೆ ದೃಷ್ಟಿಯೇ ಹೋಗಬಹುದು.

ಶೌಚಾಲಯ ತೊಳೆಯುವ ಆಸಿಡ್ ಕೂಡ ಬೇಡ. ನಿಮ್ಮದು ಎಸ್‌ಡಬ್ಲ್ಯೂ ಪೈಪು. ಪೈಪಿಗೆ ಆಸಿಡ್ ತಾಗದು, ಆದರೆ ಅದರ ಜಾಯಿಂಟ್ ಸಿಮೆಂಟಿನದ್ದು, ಚೇಂಬರಿನ ಗಾರೆಯೂ ಸಿಮೆಂಟಿನದ್ದೇ. ಎರಡನ್ನೂ ಆಸಿಡ್ ತಿನ್ನುತ್ತದೆ. ಸೋಡಾ ಸುರಿದ ಮೇಲೆ ಆಸಿಡ್ ಸುರಿದರೆ ಕುದಿದು ಮೇಲೆ ಎಗರುತ್ತದೆ. ಬ್ಲೀಚಿಂಗ್ ಪುಡಿ ಇರುವ ಕಡೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ. ಓಣಿಯಂಥ ಇಕ್ಕಟ್ಟಿನ ಜಾಗದಲ್ಲಿ ಅದು ಪ್ರಾಣಕ್ಕೇ ಸಂಚಕಾರ.

ಜಿಡ್ಡಿನ ವಿಷಯಕ್ಕೆ ಬಂದರೆ, ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಅಡುಗೆಮನೆ ಲೈನು ಹೆಚ್ಚಾಗಿ ಕಟ್ಟುವುದಕ್ಕೆ ಇದೊಂದು ಕಾರಣ. ಅದರ ಮೇಲೆ ಗಂಜಿ, ದೋಸೆ ಹಿಟ್ಟು ಕೂತರೆ ಪದರ ಬೆಳೆಯುತ್ತಾ ಹೋಗುತ್ತದೆ. ಲೈನು ಬಿಟ್ಟ ಮೇಲೆ ಸಿಂಕಿನ ಕಡೆಯಿಂದ ಬಿಸಿನೀರು ಬಿಡಿ, ಆದರೆ ಕುದಿಯುವ ನೀರಲ್ಲ. 70 ಡಿಗ್ರಿ ದಾಟಿದರೆ ಪಿವಿಸಿ ಮೆತ್ತಗಾಗಲು ತೊಡಗುತ್ತದೆ. ಕೈಗೆ ತಾಳುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿ ಸಾಕು, ಜೊತೆಗೆ ಪಾತ್ರೆ ತೊಳೆಯುವ ಲಿಕ್ವಿಡ್.

ಹಿತ್ತಿಲಮನೆ:

ತುಂಬಾ ಉಪಕಾರವಾಯಿತು. ತೆಗೆದು ನೋಡಿದೆವು. ಗೇಟಿನ ಚೇಂಬರ್ ಒಣಗಿದೆ. ನಡುವಿನದು, ಹಿಂದಿನದು ಎರಡೂ ತುಂಬಿವೆ. ನಡುವಿನ ಚೇಂಬರಿನಿಂದ ರಾಡ್ ಹಾಕಿದರೆ 17 ಅಡಿಯಲ್ಲಿ ತಡೆಯುತ್ತದೆ, ಒತ್ತಿದರೆ ಹಿಂದಕ್ಕೆ ಒದೆಯುತ್ತದೆ. ತುದಿಯಲ್ಲಿ ಕಂದು ಬಣ್ಣದ ನಾರಿನಂಥ ಎಳೆಗಳು ಬಂದವು. ಮೇಲೆ ಅಳೆದರೆ ತೆಂಗಿನ ಬುಡದ ನೇರಕ್ಕೆ ಬರುತ್ತದೆ. ಹಾಗಾದರೆ ಬೇರೇ ಅಲ್ಲವೇ? ಪರಿಚಯದವರೊಬ್ಬರು ಮೈಲುತುತ್ತ (ತಾಮ್ರದ ಸಲ್ಫೇಟ್) ಸುರಿಯಿರಿ ಅಂತಾರೆ. ಸಂದಿನೊಳಗೆ ಹೋಸ್‌ಪೈಪ್ ತೂರಿಸಿ ನಲ್ಲಿ ಜೋರಾಗಿ ಬಿಟ್ಟರೆ ಹೇಗೆ?

ಸೈಟ್_ಸಿವಿಲ್:

ಬೇರೇ. ಎಸ್‌ಡಬ್ಲ್ಯೂ ಪೈಪು ಎರಡು ಮೂರು ಅಡಿಯ ತುಂಡುಗಳಲ್ಲಿ ಬರುತ್ತದೆ, ಹಾಗಾಗಿ 22 ಅಡಿಯಲ್ಲಿ ಎಂಟು ಹತ್ತು ಸಿಮೆಂಟ್ ಜಾಯಿಂಟ್ ಇರುತ್ತವೆ. ನೆಲ ಸ್ವಲ್ಪ ಕುಸಿದರೆ ಜಾಯಿಂಟ್ ಬಿರುಕು ಬಿಡುತ್ತದೆ, ತೇವ ಹೊರಗೆ ಜಿನುಗುತ್ತದೆ, ಆ ತೇವ ಹುಡುಕಿಕೊಂಡು ಕೂದಲೆಳೆಯಷ್ಟು ತೆಳ್ಳನೆ ಬೇರು ಒಳಗೆ ಬರುತ್ತದೆ. ಒಳಗೆ ಬಂದ ಮೇಲೆ ಕವಲೊಡೆದು ಬಲೆಯಾಗುತ್ತದೆ, ಅದಕ್ಕೆ ಕೂದಲು, ಜಿಡ್ಡು ಸಿಕ್ಕಿಕೊಂಡು ಮುಚ್ಚಿಹೋಗುತ್ತದೆ.

ಕೊಳಾಯಿಕೆಲಸ ಅವರು ಹರಿವಿನ ದಿಕ್ಕಿಗೆ ಚುಚ್ಚಿ ಅಂದಿದ್ದಾರೆ. ಜಿಡ್ಡು, ಹೂಳಿಗೆ ಅದು ಸರಿ, ಬೇರಿಗೆ ನಾನು ಒಪ್ಪುವುದಿಲ್ಲ. ಮೇಲಿನಿಂದ ತಳ್ಳಿದರೆ ಬೇರಿನ ಗಂಟು ಇನ್ನೂ ಬಿಗಿಯುತ್ತದೆ, ಮತ್ತೆ 17 ಅಡಿ ದೂರದಲ್ಲಿ ರಾಡಿಗೆ ತಿರುಚುವ ಬಲವೂ ಉಳಿಯುವುದಿಲ್ಲ. ಗೇಟಿನ ಚೇಂಬರಿನಿಂದಾದರೆ ಬರೀ 5 ಅಡಿ. ರಾಡಿನ ತುದಿಗೆ ಜೋಡಿ ಸುರುಳಿ ಸ್ಕ್ರೂ ಹಾಕಿ, ಬಲಕ್ಕೆ ತಿರುಗಿಸುತ್ತಾ ಬೇರಿನೊಳಗೆ ಹೊಗಿಸಿ, ಸಿಕ್ಕಿಕೊಂಡ ಮೇಲೆ ತಿರುಗಿಸುತ್ತಲೇ ನಿಮ್ಮ ಕಡೆಗೆ ಎಳೆಯಿರಿ. ಒಂದೊಂದು ಹಿಡಿ ಬರುತ್ತದೆ.

ಒಂದು ಎಚ್ಚರಿಕೆ. ಎರಡು ಚೇಂಬರ್, ಪೈಪು ಸೇರಿ 300 ಲೀಟರಿಗೂ ಮೇಲೆ ನೀರು ತಡೆದು ನಿಂತಿರುತ್ತದೆ, ಒಮ್ಮೆಗೇ ಬಿಟ್ಟರೆ ನಿಮ್ಮ ಕಡೆಗೇ ನುಗ್ಗುತ್ತದೆ. ಅದಕ್ಕೆ ಮೊದಲು ನಡುವಿನ ಚೇಂಬರಿನಿಂದ ಬಕೆಟಿನಲ್ಲಿ ಆದಷ್ಟು ಮೊಗೆದು ಗೇಟಿನ ಚೇಂಬರಿಗೆ ಸುರಿಯಿರಿ, ರಸ್ತೆ ಕಡೆ ಹರಿಯುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ. ನಂತರ ಸಣ್ಣ ತೂತು ಮಾಡಿ ಉಳಿದ ನೀರು ನಿಧಾನ ಇಳಿಯಲು ಬಿಡಿ, ಆಮೇಲೆ ಅಗಲ ಮಾಡಿ. ಪೈಪಿನ ಬಾಯಿಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ನಿಂತು, ಮೇಲಿನಿಂದಲೇ ಕೆಲಸ ಮಾಡಿ.

ಹೋಸ್‌ಪೈಪ್ ವಿಷಯ: ತುದಿಯನ್ನು ಕೊಚ್ಚೆಯಲ್ಲಿ ಮುಳುಗಿಸಿ ನೇರ ನಲ್ಲಿಗೆ ಸಿಕ್ಕಿಸುವುದನ್ನು ಯಾರೂ ಮಾಡಬಾರದು. ನಮ್ಮ ಊರುಗಳಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದೆ. ಬಿಡುವುದು ನಿಂತ ಕ್ಷಣ ಕೊಳವೆ ಹಿಂದಕ್ಕೆ ಹೀರುತ್ತದೆ, ಆಗ ಈ ಕೊಚ್ಚೆ ಕುಡಿಯುವ ನೀರಿನ ಲೈನಿಗೆ ಹೋಗುತ್ತದೆ. ನಿಮ್ಮ ಮನೆ ಮಾತ್ರವಲ್ಲ, ಬೀದಿಯವರೆಲ್ಲ ಕುಡಿಯುವ ನೀರು ಅದು. ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟು ಬಳಸಿ. ಕಾರು ತೊಳೆಯುವ ಪ್ರೆಶರ್ ವಾಷರ್ ಇದ್ದರೆ, ಹಿಂದಕ್ಕೆ ಚಿಮ್ಮುವ ನಾಝಲ್ ಇರುವ ಡ್ರೈನ್ ಹೋಸ್ ಅದಕ್ಕೆ ಸಿಗುತ್ತದೆ. ಬೇರು ತೆಗೆದ ಮೇಲೆ ಉಳಿದ ಜಿಡ್ಡು ಕೆರೆಯಲು ಅದು ಒಳ್ಳೆಯದು. ನಾಝಲ್ ಪೈಪಿನೊಳಗೆ ಎರಡಡಿ ಹೋದ ಮೇಲೇ ಸ್ವಿಚ್ ಹಾಕಿ.

ಮೈಲುತುತ್ತ ಬೇಡ. ತಾಗಿದ ಎಳೆ ಒಣಗಬಹುದು, ಆದರೆ ಜಾಯಿಂಟ್ ಸೋರುವತನಕ ಹೊಸ ಬೇರು ಬಂದೇ ಬರುತ್ತದೆ, ತಾಮ್ರ ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಮರ ಕಡಿಯುವುದೂ ಬೇಡ. ತಪ್ಪು ಮರದ್ದಲ್ಲ, ಜಾಯಿಂಟಿನದ್ದು.

ಪೌರಸೇವೆ:

ಸೈಟ್_ಸಿವಿಲ್ ಅವರು ಮೇಲಿನಿಂದಲೇ ಕೆಲಸ ಮಾಡಿ ಅಂದಿರುವುದನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕು. ಚೇಂಬರಿಗೆ ನೀವೂ ಇಳಿಯಬೇಡಿ, ದಿನಗೂಲಿ ಕೊಟ್ಟು ಇನ್ನೊಬ್ಬರನ್ನೂ ಇಳಿಸಬೇಡಿ. ಹೂಳು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಬಿಡುಗಡೆಯಾಗುತ್ತದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಹೆಚ್ಚಾದಾಗ ಮೂಗು ಮಂಕಾಗಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು ಅಂದುಕೊಂಡು ಇಳಿದವರೇ ಸತ್ತಿದ್ದಾರೆ, ಅವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ.

ಸುರಕ್ಷತಾ ಸಾಧನವಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಅಪರಾಧ. ಮನೆ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಒಳಚರಂಡಿ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ರಾಡಿಗೆ ಬಗ್ಗದ ಬ್ಲಾಕ್ ಆದರೆ ಜೆಟ್ಟಿಂಗ್ ಯಂತ್ರ (ನೀರನ್ನು ಭಾರೀ ಒತ್ತಡದಲ್ಲಿ ಚಿಮ್ಮಿಸಿ ಪೈಪು ಬಿಡಿಸುವುದು) ತರಿಸಿ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಕರೆ ಮಾಡಬಹುದು, ಉಳಿದ ಊರುಗಳಲ್ಲಿ ಪಾಲಿಕೆ ಅಥವಾ ಪುರಸಭೆ.

ಕೈಯಲ್ಲಿ ಗಾಯವಿದ್ದರೆ ಈ ಕೆಲಸ ಬೇರೆಯವರು ಮಾಡಲಿ. ಇಲಿ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರ ಬರುತ್ತದೆ. ಕೆಲಸವಾದ ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಚರಂಡಿ ಕೆಲಸ ಮಾಡಿದ್ದನ್ನು ಹೇಳಿ.

ಮಲೆನಾಡ_ಮನೆ:

ಯುಜಿಡಿ ಇಲ್ಲದ ಊರಿನವರಿಗೆ ಒಂದು ಮಾತು. ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಇರುವ ಮನೆಯಲ್ಲಿ ಮಳೆಗಾಲದಲ್ಲಿ ಲೈನು ನಿಂತರೆ ಪೈಪನ್ನು ಚುಚ್ಚುವ ಮೊದಲು ಇಂಗುಗುಂಡಿ ನೋಡಿ. ಅಂತರ್ಜಲ ಮೇಲೆ ಬಂದು ಗುಂಡಿ ಇಂಗದಿದ್ದರೆ ಪೈಪು ಚೊಕ್ಕವಾಗಿದ್ದರೂ ನೀರು ಹಿಂದಕ್ಕೇ ನಿಲ್ಲುತ್ತದೆ. ಸೂರಿನ ನೀರನ್ನು ಗಲ್ಲಿ ಟ್ರ್ಯಾಪಿಗೆ ಬಿಟ್ಟಿದ್ದರೆ ಮೊದಲು ಅದನ್ನು ಬೇರೆ ಮಾಡಿ. ಯುಜಿಡಿ ಇರುವವರಿಗೂ ಇದೇ ಮಾತು, ತಾರಸಿಯ ಮರಳೆಲ್ಲ ಅದರ ಜೊತೆ ಬರುತ್ತದೆ.

ಹಿತ್ತಿಲಮನೆ:

ಗೇಟಿನ ಕಡೆಯಿಂದ ಸುರುಳಿ ಸ್ಕ್ರೂ ಹಾಕಿದ್ದು ಫಲಿಸಿತು. ಅರ್ಧ ಬಕೆಟ್ ಬೇರು ಬಂತು, ನೀರು ಇಳಿಯಿತು. ಈಗ ಆ ಎಸ್‌ಡಬ್ಲ್ಯೂ ಪೈಪು ಬದಲಾಯಿಸುವುದಾದರೆ ಬೇರಿನ ಜಾಗದ ಆರಡಿ ಸಾಕೇ, ಪೂರ್ತಿ ಹಾಕಬೇಕೇ? ಇಳಿಜಾರು ಎಷ್ಟು? ಮುಚ್ಚಳಕ್ಕೆ ಮತ್ತೆ ಸಿಮೆಂಟ್ ಮೆತ್ತಬೇಕೇ?

ಸೈಟ್_ಸಿವಿಲ್:

ಪೂರ್ತಿ ಹಾಕಿ. ಆರಡಿ ಮಾತ್ರ ಬದಲಿಸಿದರೆ ಎರಡು ಕಡೆ ಪಿವಿಸಿಗೂ ಎಸ್‌ಡಬ್ಲ್ಯೂಗೂ ಜಾಯಿಂಟ್ ಕೂರಿಸಬೇಕು. ಮುಂದೆ ಸೋರುವುದು ಅದೇ ಜಾಗ, ಉಳಿದ ಹಳೇ ಜಾಯಿಂಟುಗಳೂ ಅಲ್ಲೇ ಇರುತ್ತವೆ. ಚೇಂಬರಿನಿಂದ ಚೇಂಬರಿಗೆ 20 ಅಡಿಯ ಒಂದು ಪೈಪು, ಮತ್ತೊಂದು ತುಂಡು, ನಡುವೆ ಒಂದೇ ಕಪ್ಲರ್. ಆ ಕಪ್ಲರ್ ಮರದಿಂದ ದೂರದ ತುದಿಗೆ, ಅಂದರೆ ನಡುವಿನ ಚೇಂಬರಿನ ಕಡೆಗೆ ಬರಲಿ. 110 ಮಿಮೀ ಎಸ್‌ಡಬ್ಲ್ಯೂಆರ್ (ಮಲ, ಬಚ್ಚಲು, ಮಳೆ ನೀರಿನ ಪಿವಿಸಿ) ಪೈಪಿನಲ್ಲಿ ಟೈಪ್ ಬಿ ಕೇಳಿ. ಟೈಪ್ ಎ ತೆಳ್ಳನೆಯದು, ಮಳೆನೀರಿಗೆ, ಗಾಳಿ ಕೊಳವೆಗೆ ಮಾತ್ರ.

ಇಳಿಜಾರು 40ಕ್ಕೆ 1, ಅಂದರೆ 22 ಅಡಿಗೆ ಆರೂವರೆ ಇಂಚು. ಅಗೆಯುವ ಮೊದಲೇ ಲೆವೆಲ್ ಟ್ಯೂಬಿನಲ್ಲಿ ಎರಡು ಚೇಂಬರಿನ ತಳ ನೋಡಿಕೊಳ್ಳಿ. ಅಷ್ಟು ಇಳಿಜಾರು ಸಿಗದಿದ್ದರೆ 160 ಮಿಮೀ ಪೈಪು 60ಕ್ಕೆ 1ರಲ್ಲಿ ಹಾಕಿ, ನಾಲ್ಕೂವರೆ ಇಂಚು ಸಾಕಾಗುತ್ತದೆ. ತಳಕ್ಕೆ 4 ಇಂಚು ಮರಳು, ಕಲ್ಲು ತಾಗದಂತೆ. ಪೈಪು ಚೇಂಬರಿನ ಗೋಡೆ ಹೊಗುವ ಜಾಗದಲ್ಲಿ ಪಿವಿಸಿ ಮೇಲೆ ಸಾಲ್ವೆಂಟ್ (ಪಿವಿಸಿ ಅಂಟು) ಸವರಿ, ಹಸಿ ಇರುವಾಗಲೇ ಒಣ ಮರಳು ಉದುರಿಸಿ ಒಣಗಲು ಬಿಡಿ. ನುಣ್ಣನೆ ಪಿವಿಸಿಗೆ ಗಾರೆ ಕಚ್ಚುವುದಿಲ್ಲ, ಮರಳು ಅಂಟಿದ್ದಕ್ಕೆ ಕಚ್ಚುತ್ತದೆ. ಮಣ್ಣು ಮುಚ್ಚುವ ಮೊದಲು ಕೆಳಗಿನ ಬಾಯಿ ಕಟ್ಟಿ, ನೀರು ತುಂಬಿಸಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿಯಬಾರದು.

ಚೇಂಬರ್ ತಳದಲ್ಲಿ ಅರ್ಧ ಕೊಳವೆಯಾಕಾರದ ಕಾಲುವೆ, ಎರಡೂ ಪಕ್ಕ ಅದರ ಕಡೆಗೆ ಇಳಿಜಾರಾದ ಗಾರೆ ಇದೆಯೇ ನೋಡಿ. ಚಪ್ಪಟೆ ತಳವಿದ್ದರೆ ಮಲ ಅಲ್ಲೇ ಕೂರುತ್ತದೆ. ಈಗಲೇ ಮಾಡಿಸಿಬಿಡಿ. ಪೈಪು ಬದಲಾಯಿಸುವತನಕ ಮೂರು ತಿಂಗಳಿಗೊಮ್ಮೆ ಸುರುಳಿ ಸ್ಕ್ರೂ ಆಡಿಸುತ್ತಿರಿ.

ಕೊಳಾಯಿಕೆಲಸ:

ಬೇರಿಗೆ ಕೆಳಗಿನಿಂದಲೇ ಸರಿ, ಸೈಟ್_ಸಿವಿಲ್ ಅವರ ಮಾತು ಒಪ್ಪಿದೆ. ಮುಚ್ಚಳಕ್ಕೆ ಗಟ್ಟಿ ಗಾರೆ ಬೇಡ. 1 ಪಾಲು ಸಿಮೆಂಟಿಗೆ 8 ಪಾಲು ಮರಳು ಕಲಸಿ ಅಂಚಿಗೆ ಮಾತ್ರ ತೆಳ್ಳಗೆ ಎಳೆಯಿರಿ, ವಾಸನೆ ಜಿರಲೆ ನಿಲ್ಲುತ್ತದೆ, ಮುಂದಿನ ಸಲ ಉಳಿಯ ಎರಡೇಟಿಗೆ ಬಿಡುತ್ತದೆ. ಮುಚ್ಚಳದಲ್ಲಿ ಕೊಂಡಿ ಇಲ್ಲದಿದ್ದರೆ ಹೊಸದು ಹಾಕಿಸುವಾಗ 10 ಮಿಮೀ ಕಂಬಿಯ ಎರಡು ಕೊಂಡಿ ಕೂರಿಸಲು ಹೇಳಿ. ಮುಚ್ಚಳದ ಮೇಲ್ಮೈ ಓಣಿಯ ನೆಲಕ್ಕಿಂತ ಒಂದು ಇಂಚು ಎತ್ತರಕ್ಕಿರಲಿ, ಮಳೆನೀರು ಒಳಗೆ ಹೋಗದು. ಬೇರು ಮತ್ತು ಹೂಳನ್ನು ಗೋಣಿಚೀಲದಲ್ಲೇ ನೀರು ಬಸಿಯಲು ಚೇಂಬರಿನ ಬಾಯಿ ಮೇಲೆ ಇಟ್ಟು, ಆಮೇಲೆ ಹಿತ್ತಿಲಲ್ಲಿ ಎರಡಡಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಬಾವಿ, ಸಂಪು ಹತ್ತಿರವಿದ್ದರೆ ಅಲ್ಲಿ ಬೇಡ. ರಸ್ತೆ ಬದಿಯ ಮಳೆನೀರು ಚರಂಡಿಗೆ ಸುರಿಯಬೇಡಿ.